ಕಲ್ಲವ್ವನನ್ನು ಉಡಿಯಲ್ಲಿ ಕಟ್ಟಿಕೊಂಡ ಚಳಿಗಾಲ

ಕೆಂಡದ ಮೇಲೆ ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆ ಬಿದ್ದಾಗ ಏಳುವ ಹೊಗೆ ಕಣ್ಣು ಉರಿಸುತ್ತದೆ, ಆದರೆ ಮೂಗಿಗೆ ಹಿತ. ಹೋದ ವರ್ಷ ಸಂಶಿಗೆ ಹೋದಾಗ, ನಾವು ಹಿಂದೆ ಇದ್ದ ಮನೆಯ ಬಾಜು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಆ ಹೊಗೆ ಬಂದು ಮುಖಕ್ಕೆ ತಾಗಿತು. ಆ ಮನೆಯ ಮೊಮ್ಮಗಳು ಗಿರಿಜಾ ಹಡೆದಿದ್ದಳು. ಕೂಸನ್ನು ನೋಡಿಕೊಂಡು ಹೋಗಲು ನಾನು ಹುಬ್ಬಳ್ಳಿಯಿಂದ ಒಂದು ಟೋಪಿ, ಕಿವಿ ಮುಚ್ಚುವ ಒಂದು ಕುಲಾಯಿ ಹೊಲಿಸಿಕೊಂಡು ಹೋಗಿದ್ದೆ.

"ಬರ್ರಿ ದೊಡ್ಡವ್ವಾರ, ಒಳಗ ಬರ್ರಿ. ಯಾಕ ಅಲ್ಲೇ ನಿಂತ್ರಿ?" ಎಂದು ಗಿರಿಜಾ ಕೋಣೆಯೊಳಗಿಂದ ಕರೆದಳು.

ನಾನು ಹೊಸ್ತಿಲ ಈಚೆಗೇ ನಿಂತಿದ್ದೆ. ಯಾರೂ ತಡೆದಿರಲಿಲ್ಲ. ಕಾಲು ತಾನಾಗಿ ಅಲ್ಲಿ ನಿಂತುಬಿಟ್ಟಿತ್ತು. ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಇದೇ ಹೊಸ್ತಿಲ ಮುಂದೆ ನಾನು ಒಂದು ಬಿಸ್ಕೀಟಿನ ಡಬ್ಬಿ ಹಿಡಿದು ನಿಂತಿದ್ದೆ. ಆಗ ಇದೇ ಗಿರಿಜಾ ಒಳಗಿನ ಹೊರಸಿನ ಮೇಲೆ ತಾಯಿಯ ಮಗ್ಗುಲಲ್ಲಿ ಮಲಗಿದ್ದ ಮೊಳದುದ್ದದ ಕೂಸು.

ನನ್ನ ಮದುವೆಯಾಗಿ ಆಗ ನಾಲ್ಕು ವರ್ಷ. ನಮ್ಮವರು ಕುಂದಗೋಳದ ಹೈಸ್ಕೂಲಿನಲ್ಲಿ ಮಾಸ್ತರರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ ನೀಲವ್ವ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳೆಂದು ಓಣಿಯ ಹೆಂಗಸರು ನನಗೆ "ಕಾನ್ವೆಂಟ್ ಸೊಸಿ" ಎಂದು ಹೆಸರಿಟ್ಟಿದ್ದರು. ನೀರಿಗೆ ಹೋದಾಗ, "ಏನವಾ ಕಾನ್ವೆಂಟು, ಕೊಡಕ್ಕ ಇಂಗ್ಲೀಷಿನ್ಯಾಗ ಏನಂತಾರ?" ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ ನಗುತ್ತಿದ್ದರು. ಆ ನಗುವಿನಲ್ಲಿ ಕೆಡುಕಿರಲಿಲ್ಲ. ನಕ್ಕು ಮುಗಿದ ಮೇಲೆ ಅವರ ಕಣ್ಣು ಒಮ್ಮೆ ನನ್ನ ಹೊಟ್ಟೆಯ ಮೇಲೆ ಹರಿದು ಹೋಗುತ್ತಿತ್ತು. ಅದು ಮಾತ್ರ ನನಗೆ ತಿಳಿಯುತ್ತಿತ್ತು.

ಹಿತ್ತಲಲ್ಲಿ ದನಕ್ಕೆ ನೀರು ಕುಡಿಸುವ ಉದ್ದನೆಯ ಕಲ್ಲಿನ ದೋಣಿ ಇತ್ತು. ಎತ್ತುಗಳನ್ನು ಮಾರಿದ ಮೇಲೂ ಅತ್ತೆ ಅದಕ್ಕೆ ನೀರು ತುಂಬುವುದನ್ನು ಬಿಟ್ಟಿರಲಿಲ್ಲ. ಅದರಲ್ಲಿ ಕಲ್ಲವ್ವ ಇದ್ದಳು. ಕಲ್ಲವ್ವ ಎಂದರೆ ಒಂದು ಕರಿ ಆಮೆ, ರೊಟ್ಟಿ ಬಡಿಯುವ ಮರದ ಹರಿವಾಣದ, ಅಂದರೆ ಕೊಣಮಿಗೆಯ, ಅರ್ಧದಷ್ಟು ದೊಡ್ಡದು, ಬೆನ್ನ ಮೇಲೆ ಉದ್ದಕ್ಕೆ ಮೂರು ಗೆರೆ. ಅತ್ತೆ ಮದುವೆಯಾಗಿ ಆ ಮನೆಗೆ ಬಂದ ವರ್ಷ ಬಾವಿಯ ಹೂಳು ತೆಗೆಯುವಾಗ ಸಿಕ್ಕಿದ್ದಂತೆ. "ನಾನೂ ಹೊಸಬಾಕಿ, ಅದೂ ಹೊಸದು. ಇಬ್ಬರೂ ಯಾರ ಜೋಡೀನೂ ಮಾತಾಡ್ತಿರಲಿಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಮುಂಜಾನೆ ಅತ್ತೆ ದೋಣಿಯ ಅಂಚಿಗೆ ಬಳೆ ತಾಗಿಸಿ ಸದ್ದು ಮಾಡಿದರೆ ಕಲ್ಲವ್ವ ಕತ್ತು ಹೊರಗೆ ಚಾಚುತ್ತಿದ್ದಳು. ಅತ್ತೆ ಅನ್ನದ ಅಗುಳು ಹಾಕುತ್ತಿದ್ದರು. ಅತ್ತೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಆ ಹೊತ್ತಿನಲ್ಲಿ ಮಾತ್ರ.

ಆ ವರ್ಷ ಮಳೆಗಾಲದಲ್ಲಿ ಕಲ್ಲವ್ವ ಕೆಲವು ದಿನ ಕಾಣೆಯಾಗಿ, ಕೆರೆಯಂಚಿನಲ್ಲಿ ಇನ್ನೊಂದು ಆಮೆಯ ಜೊತೆ ಸಿಕ್ಕಿದ್ದಳು. ದಸರೆ ಕಳೆದ ಮೇಲೆ ಹಿತ್ತಲಲ್ಲಿ ಹೊಸ ಬಚ್ಚಲು ಕಟ್ಟಿಸಲು ತೆಗೆದರು. ಒಂದು ಗಾಡಿ ಉಸುಕು ತಂದು ಸುರಿದಿದ್ದರು. ಒಂದು ಸಂಜೆ ಕಲ್ಲವ್ವ ದೋಣಿಯಿಂದ ಹೇಗೋ ಹೊರಗೆ ಬಿದ್ದು, ಉಸುಕಿನ ಗುಡ್ಡೆ ಹತ್ತಿ, ಹಿಂಗಾಲಿನಿಂದ ಗುಂಡಿ ತೋಡುತ್ತ ಕುಳಿತಳು. ಅತ್ತೆ ನನ್ನನ್ನು ಕರೆದು ತೋರಿಸಿದರು. ಕಲ್ಲವ್ವ ಒಂದು ಕಾಲನ್ನು ಚಮಚೆಯಂತೆ ಮಡಿಸಿ ಉಸುಕು ಎತ್ತಿ ಹಾಕುತ್ತಿದ್ದಳು, ಮತ್ತೆ ಇನ್ನೊಂದು ಕಾಲು. ಬಿಳಿಯವು, ಉದ್ದನೆಯವು, ಒಂದೊಂದೇ ಇಳಿದವು. ಅತ್ತೆ ಅದರ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕಲ್ಲಿಟ್ಟು, "ಕಲ್ಲವ್ವನ ಅವು ಅದಾವು, ಯಾರೂ ಮುಟ್ಟಬ್ಯಾಡ್ರಿ" ಎಂದು ಬಚ್ಚಲು ಕಟ್ಟುವ ಗೌಂಡಿಗಳಿಗೆ ಹೇಳಿದರು.

ನಮ್ಮದು ಲಿಂಗಪೂಜೆಯ ಮನೆ. ಮೊಟ್ಟೆ, ತತ್ತಿ ಎಂಬ ಮಾತನ್ನೂ ಬಾಯಿಂದ ಆಡುತ್ತಿರಲಿಲ್ಲ. ಅದಕ್ಕೇ "ಅವು".

ಆ ವಾರವೇ ಗೌಂಡಿಯೊಬ್ಬ ಸುಣ್ಣ ಕಲಸಿದ ಬುಟ್ಟಿಯನ್ನು ದೋಣಿಯಲ್ಲಿ ಅದ್ದಿ ತೊಳೆದ. ಅವನಿಗೆ ಗೊತ್ತಿರಲಿಲ್ಲ, ದನವಿಲ್ಲದ ದೋಣಿ ಎಂದುಕೊಂಡಿದ್ದ. ಮರುದಿನ ಅತ್ತೆಯ ಬಳೆಯ ಸದ್ದಿಗೆ ಕಲ್ಲವ್ವ ಕತ್ತು ಹೊರಗೆ ಚಾಚಲಿಲ್ಲ. ಅತ್ತೆ ಅವಳನ್ನು ಎತ್ತಿ, ಸೆರಗಿನಿಂದ ಒರೆಸಿ, ಚಿಪ್ಪಿಗೆ ಮೂರು ಬೆರಳ ವಿಭೂತಿ ಹಚ್ಚಿ, ನುಗ್ಗಿ ಗಿಡದ ಬುಡದಲ್ಲಿ ಹೂಳಿಸಿದರು.  ಅವತ್ತಿನಿಂದ ದೋಣಿಗೆ ನೀರು ತುಂಬುವುದನ್ನು ನಿಲ್ಲಿಸಿದರು. ಮುಂಜಾನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು, ಒಣಗಿದ ದೋಣಿಯ ಬಳಿ ಸ್ವಲ್ಪ ನಿಲ್ಲುತ್ತಿದ್ದರು, ಬರುತ್ತಿದ್ದರು.

ಅದನ್ನು ನೋಡಿಯೇ ನನಗೆ ಹಟ ಬಂದದ್ದು. ಉಸುಕು ಮುಗಿಯುತ್ತ ಬಂದಿತ್ತು, ಬುಟ್ಟಿಯ ಕೆಳಗಿನದೂ ಬೇಕು ಎಂದು ಗೌಂಡಿಗಳು ಕೇಳತೊಡಗಿದ್ದರು. ಸಲಿಕೆಯ ತುದಿ ತಾಗಿ ಆಗಲೇ ಒಂದು ಒಡೆದಿತ್ತು. ಉಳಿದ ನಾಲ್ಕನ್ನು ನಾನು ಬಿಸ್ಕೀಟಿನ ಡಬ್ಬಿಯಲ್ಲಿ ಉಸುಕು ಹಾಸಿ ಇಟ್ಟೆ. ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ ಒಮ್ಮೆ ಕೋಳಿಯ ಮೊಟ್ಟೆಗಳನ್ನು ಬಲ್ಬಿನ ಕೆಳಗಿಟ್ಟು ಮರಿ ಮಾಡಿಸಿದ್ದರು. ಅದು ನೆನಪಿತ್ತು. ಹಿತ್ತಲ ಕಡೆಯ ಕೋಣೆಯಲ್ಲಿ ವೈರು ಎಳೆಸಿ, ಡಬ್ಬಿಯ ಮೇಲೆ ಬಲ್ಬು ಇಳಿಬಿಟ್ಟೆ. ಸಿಸ್ಟರ್ ಮಾಡುತ್ತಿದ್ದಂತೆ ಒಂದು ಬದಿಗೆ ಗುರುತು ಹಾಕಿ, ಪೆನ್ಸಿಲ್ ಕೈಗೆ ಸಿಗಲಿಲ್ಲವೆಂದು ಕುಂಕುಮದ ಬೊಟ್ಟು ಇಟ್ಟು, ದಿನಾ ಮಗ್ಗುಲು ಬದಲಿಸುತ್ತಿದ್ದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಿದ್ದಿ ಹತ್ತಿದ ಕೂಸನ್ನ ಯಾಕ ಹೊಳ್ಳ್ಯಾಡಸ್ತಿ? ಮಲಗಲಿ ಬಿಡು."

"ಕೋಳಿ ಹಂಗ ಮಾಡತೈತಂತ್ರಿ ಅತ್ತೀ."

"ಕಲ್ಲವ್ವ ಏನ ಕೋಳಿಯೇನ?" ಎಂದು ಹೋದರು. ನಾನು ನಕ್ಕೆ, ಆದರೆ ಅವತ್ತಿನಿಂದ ಹೊರಳಿಸಲಿಲ್ಲ. ಆಮೆಯದನ್ನು ಹೊರಳಿಸಲೇಬಾರದು ಎಂದು ಬಹಳ ವರ್ಷಗಳ ಮೇಲೆ ಒಂದು ವಾರಪತ್ರಿಕೆಯಲ್ಲಿ ಓದಿದಾಗ ಆ ಕುಂಕುಮದ ಬೊಟ್ಟುಗಳು ಕಣ್ಣ ಮುಂದೆ ಬಂದವು.

ಆ ಕೋಣೆಯಲ್ಲಿ ಕೂರುವುದು ನನಗೆ ಹಿತವಾಗಿತ್ತು. ಬಲ್ಬಿನ ಬೆಳಕು ಉಸುಕಿನ ಮೇಲೆ ಬಿದ್ದು ಕೋಣೆಯೆಲ್ಲ ಬೆಲ್ಲದ ಬಣ್ಣವಾಗುತ್ತಿತ್ತು. ಬಟ್ಟಲಲ್ಲಿ ನೀರಿಟ್ಟು ಅದರಲ್ಲಿ ಅದ್ದಿದ ಅರಿವೆಯನ್ನು ಮೂಲೆಗೆ ಇಡುತ್ತಿದ್ದೆ. ಕೂಸಿನ ಹಾಲು ಬಿಸಿ ನೋಡುವವರಂತೆ ಮುಂಗೈಯ ಒಳಬದಿಯನ್ನು ಡಬ್ಬಿಯ ಮೇಲೆ ಹಿಡಿದು ನೋಡುತ್ತಿದ್ದೆ. ಹೀಗೆ ಮಾಡುವಾಗ ಯಾರಾದರೂ ಬಂದರೆ ಕೈ ಹಿಂದೆಗೆದುಕೊಳ್ಳುತ್ತಿದ್ದೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿ ಬಿದ್ದಿತು. ಆ ಕಡೆಯ ಬಯಲಿನ ಚಳಿ ನಿಮಗೆ ಗೊತ್ತಿದ್ದರೆ ಗೊತ್ತು. ತಡೆಯುವ ಒಂದು ಗುಡ್ಡವಿಲ್ಲ, ಗಿಡವಿಲ್ಲ. ಕರಿ ಹೊಲದ ಮೇಲಿಂದ ನೇರ ಬಂದು ಬಾಗಿಲ ಸಂದಿಯಲ್ಲಿ ನುಗ್ಗುತ್ತದೆ. ಅದೇ ಹೊತ್ತಿಗೆ ಒಂದು ಮಧ್ಯಾಹ್ನ, ಹಿಟ್ಟಿನ ಗಿರಣಿ ಗುಂಯ್‌ಗುಡುತ್ತಿದ್ದದ್ದು ಒಮ್ಮೆಲೇ ನಿಂತಿತು, ಓಣಿಯ ತುದಿಯಲ್ಲಿ ಪಟಾಕಿಯಂಥ ಸದ್ದಾಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಊರ ಬಾಯಲ್ಲಿ ಅದು 'ಟೀಸಿ'.

"ಟೀಸಿ ಸುಟ್ಟೈತಿ. ಹೊಸಾದು ಬರೂತನ ಕಂದೀಲಽ ಗತಿ" ಎಂದು ಗಿರಣಿಯವನು ಜೋಳದ ಚೀಲಗಳನ್ನು ಜನರಿಗೆ ಮರಳಿ ಕೊಡುತ್ತಿದ್ದ. ಹೊಸದು ಯಾವಾಗ ಬರುತ್ತದೆ ಎಂದು ಯಾರನ್ನು ಕೇಳಿದರೂ ಆಕಾಶ ನೋಡುತ್ತಿದ್ದರು, ಅಲ್ಲಿಂದಲೇ ಬರುವುದೆಂಬಂತೆ.

ನಾನು ಹಿತ್ತಲ ಕೋಣೆಗೆ ಓಡಿದೆ. ಬಲ್ಬು ಮುಟ್ಟಿದರೆ ಇನ್ನೂ ಬಿಸಿ ಇತ್ತು. ಡಬ್ಬಿಯನ್ನು ಕೌದಿಯಲ್ಲಿ ಸುತ್ತಿದೆ. ತಂಬಿಗೆಯಲ್ಲಿ ಬಿಸಿನೀರು ತುಂಬಿ ಬಾಜುವಿಗಿಟ್ಟೆ. ಆರಿದರೆ ಮತ್ತೆ ಬದಲಿಸಿದೆ. ಆ ಕೋಣೆಯ ತುಂಬ ಹೊಟ್ಟು ಇತ್ತು, ಬೆಂಕಿ ಒಯ್ಯುವಂತಿರಲಿಲ್ಲ. ಪಡಸಾಲೆಯಲ್ಲಿ ಅಗ್ಗಿಷ್ಟಿಗೆಯಲ್ಲಿ ಕೆಂಡ ಹಾಕಿ ಡಬ್ಬಿಯನ್ನು ಅದರ ಬಳಿ ಇಟ್ಟು ನೋಡಿದೆ. ತಗಡು ಬೇಗ ಕಾಯಿತು. ಡಬ್ಬಿಯ ಗೋಡೆಗೆ ತಾಗಿಕೊಂಡಿದ್ದ ಒಂದು ಬೆಂದೇ ಹೋಯಿತು. ಅದರ ವಾಸನೆಗೆ ಅತ್ತೆ ಮೂಗಿಗೆ ಸೆರಗು ಹಿಡಿದು ಎದ್ದು ಹೋದರು. ಅಡುಗೆಮನೆಯ ಒಲೆಯ ಗೂಡು ದಿನವಿಡೀ ಹದವಾಗಿ ಬೆಚ್ಚಗಿರುತ್ತಿತ್ತು, ಆದರೆ ಅದು ದೇವರ ಎಡೆ ಬೇಯಿಸುವ ಒಲೆ. ಅವು ಅದರ ಬಳಿ ಹೋಗುವಂತಿರಲಿಲ್ಲ.

ಆಗ ಓಣಿಯಲ್ಲಿ ಹಗಲೂ ಇರುಳೂ ಒಂದೇ ಹದದಲ್ಲಿ ಬೆಚ್ಚಗಿದ್ದ ಜಾಗ ಒಂದೇ: ಬಾಜು ಮನೆಯ ಗೌರವ್ವನವರ ಮಗಳು ಶಾಂತಾಳ ಬಾಣಂತಿ ಕೋಣೆ. ಶಾಂತಾ ನನ್ನ ವಾರಿಗೆಯವಳು, ನನ್ನ ನಂತರ ಮದುವೆಯಾದವಳು. ಹೊರಸಿನ ಕೆಳಗೆ ಕೆಂಡ ಆರದಂತೆ ಗೌರವ್ವ ಕಾಯುತ್ತಿದ್ದರು. ಒಂದು ಮೂಲೆಯಲ್ಲಿ ಈ ಡಬ್ಬಿ ಇಟ್ಟರೆ ಯಾರಿಗೆ ಏನು ಎಂದು ನನಗನ್ನಿಸಿತು. ಅತ್ತೆಗೆ ಹೇಳದೆ ಹೋದೆ.

ಗೌರವ್ವ ಹೊಸ್ತಿಲ ಆಚೆ ನಿಂತು ಕೇಳಿಸಿಕೊಂಡರು. ಒಳಗಿನಿಂದ ಶಾಂತಾ, "ತಾ ಇಲ್ಲೆ ಸುಮಿತ್ರಾ, ಹೊರಸಿನ ಬುಡಕ ಜಾಗಾ ಐತಿ" ಎಂದಳು.

"ನೀ ಸುಮ್ಕಿರ ಬೇ" ಎಂದು ಗೌರವ್ವ ಮಗಳನ್ನು ತಡೆದರು. ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದರು. "ನೋಡವಾ ತಂಗಿ, ಹಸಗೂಸು ಇರೋ ಕ್ವಾಣಿ. ನೀ ಒಳ್ಳೆಯಾಕಿ, ನನಗ ಗೊತ್ತೈತಿ. ಆದರ ಇನ್ನೂ ಉಡಿ ತುಂಬದಾಕಿ ಕೈಲೆ ಬಂದದ್ದನ್ನ..." ಅಲ್ಲಿಗೆ ನಿಲ್ಲಿಸಿದರು. "ತಪ್ಪ ತಿಳಕೋಬ್ಯಾಡ. ಹಿರ್ಯಾರು ಮಾಡಿದ್ದು."

"ಇಲ್ರಿ ದೊಡ್ಡವ್ವಾರ, ತಪ್ಪೇನ್ರಿ ಅದರಾಗ" ಎಂದೆ. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದು ನಗುತ್ತ ತಲೆ ಬಾಗಿಸುವುದನ್ನು. ಹಾಗೇ ಮಾಡಿ ಬಂದೆ. ಬರುವಾಗ ಡಬ್ಬಿಯ ಮೇಲೆ ಸೆರಗು ಮುಚ್ಚಿಕೊಂಡೆ. 

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಎರಡು ಮನೆಗೂ ನಡುವಿದ್ದದ್ದು ಮೊಳಕಾಲೆತ್ತರದ ಗೋಡೆ. ಎಲ್ಲ ಕೇಳಿಸಿತ್ತು. ಒಳಗೆ ಹೋಗಿ ಒಂದು ಹಿಡಿ ಅರಳೆ ಹತ್ತಿ ತಂದರು. ನನ್ನ ಸೀರೆಯ ಸೆರಗನ್ನು ಬಿಡಿಸಿ, ಹತ್ತಿ ಬಿಡಿಸಲು ಹೋಗುವ ಹೆಣ್ಣಾಳುಗಳು ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಹೊಟ್ಟೆಯ ಮೇಲೆ ಉಡಿ ಕಟ್ಟಿದರು. ಅದರಲ್ಲಿ ಅರಳೆ ಹಾಸಿದರು. ಡಬ್ಬಿಯ ಕಡೆ ಗದ್ದ ಎತ್ತಿ ತೋರಿಸಿ, "ನೀನಽ ಇಡು. ನಾ ಮುಟ್ಟಂಗಿಲ್ಲ" ಎಂದರು. ನಾನು ಮೂರನ್ನೂ ಇಟ್ಟೆ. ಅವರು ಅಂಚು ಮಡಿಸಿ ಸಿಕ್ಕಿಸಿದರು. ಮೇಲೆ ಉಣ್ಣೆಯ ಶಾಲು ಹೊದಿಸಿದರು.

"ಮೈಗಿಂತ ಬೆಚ್ಚಗಿಂದು ಯಾವ ಅಂಗಡ್ಯಾಗ ಸಿಗತೈತಿ? ಟೀಸಿ ಬರೂತನ ಹೊತಗೋ."

ಮೊದಲ ದಿನ ಅವು ತಣ್ಣಗೆ ತಾಗುತ್ತಿದ್ದವು. ಆಮೇಲೆ ಎಲ್ಲಿ ನನ್ನ ಮೈ ಮುಗಿಯಿತು, ಎಲ್ಲಿ ಅವು ಶುರುವಾದವು ಎಂದು ಗೊತ್ತಾಗದಂತಾಯಿತು. ಬಾಗಬಾರದು, ಭಾರ ಎತ್ತಬಾರದು, ಮಗ್ಗುಲಾಗಿ ಮಲಗಬಾರದು. ಮೆಟ್ಟಿಲಿಳಿಯುವಾಗ ಒಂದು ಕೈ ಗೋಡೆಗೆ, ಒಂದು ಕೈ ಹೊಟ್ಟೆಗೆ. ಅವನ್ನು ಕಟ್ಟಿಕೊಂಡು ಅಡುಗೆಮನೆಗೆ ಹೋಗುವಂತಿರಲಿಲ್ಲ, ಹೀಗಾಗಿ ನಾನು ಬಂದಂದಿನಿಂದ ಒಲೆಯ ಮುಂದೆ ಕೂರದಿದ್ದ ಅತ್ತೆ ಮತ್ತೆ ರೊಟ್ಟಿ ಬಡಿಯತೊಡಗಿದರು. ನೀರಿಗೂ ಅವರೇ ಹೋದರು. ನಾನು ಶಾಲು ಹೊದ್ದು ಕಟ್ಟೆಯ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ರೊಟ್ಟಿಯ ತಟ್ಟೆಯನ್ನು ಅತ್ತೆಯೇ ತಂದು ನನ್ನ ಮುಂದಿಡುತ್ತಿದ್ದರು. ಅದನ್ನು ತೆಗೆದುಕೊಳ್ಳುವಾಗ ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ನಮ್ಮವರು ರಾತ್ರಿ ಊಟಕ್ಕೆ ಕೂತಾಗ, "ನಿನಗ ಬೇಸರ ಆಗೂದಿಲ್ಲೇನು?" ಎಂದು ಕೇಳಿದರು. ಇಲ್ಲ ಎಂದೆ.  

ಓಣಿ ಇದನ್ನೆಲ್ಲ ನೋಡುತ್ತಿತ್ತು. ಸೊಸೆ ಕೊಡ ಹೊರುವುದನ್ನು ಬಿಟ್ಟಳು, ಒಲೆಯ ಮುಂದೆ ಕೂರುವುದನ್ನು ಬಿಟ್ಟಳು, ಮೆಲ್ಲಗೆ ನಡೆಯುತ್ತಾಳೆ, ಕೂತಲ್ಲಿಗೇ ಅತ್ತೆ ಊಟ ತಂದು ಕೊಡುತ್ತಾಳೆ, ಹೊಟ್ಟೆಯ ಮೇಲೆ ಕೈ. ಹೆಂಗಸರಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ನೀರಿಗೆ ಹೋಗುತ್ತ ಕಟ್ಟೆಯ ಮುಂದೆ ಹಾಯುವಾಗ ಅವರು ನನ್ನನ್ನು ಚೇಷ್ಟೆ ಮಾಡುವುದು ನಿಂತಿತು. ಒಬ್ಬಾಕೆ ನನ್ನ ಕೈಯಲ್ಲಿ ಒಂದು ಹುಣಸೆಕಾಯಿ ತುರುಕಿ ಹೋದಳು. ನಾನು ಅದನ್ನು ಪ್ರೀತಿ ಎಂದುಕೊಂಡೆ. ಪ್ರೀತಿಯೇ ಅದು, ಆದರೆ ಯಾವುದಕ್ಕೆ ಎಂದು ನನಗೆ ಹೊಳೆಯಲಿಲ್ಲ. ಇಷ್ಟು ಸಣ್ಣ ಸಣ್ಣದನ್ನು ಕಾಣುವ ನನ್ನ ಕಣ್ಣಿಗೆ ಅದೊಂದು ಕಾಣಲಿಲ್ಲ.

ಶಾಂತಾಳ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬಂದಿತು. ಗೌರವ್ವ ತಾವೇ ಬಂದು ಕರೆದರು. ಕರೆಯುವಾಗ ನನ್ನ ಗಲ್ಲ ಸವರಿ ಕಣ್ಣು ಒರೆಸಿಕೊಂಡರು. ನಾನು ಹೋಗುವುದಿಲ್ಲ ಎಂದೆ. ಅತ್ತೆ ಬಿಡಲಿಲ್ಲ. "ಅಂದಾಕಿನಽ ಬಾಗಲಕ್ಕ ಬಂದು ಕರದಾಳ. ಹೋಗೂಣು. ಶಾಲ ಅಗಲ ಮಾಡಿ ಹೊದ್ಕೋ, ಯಾರ ನೋಡ್ತಾರ?"

ಪಡಸಾಲೆ ತುಂಬ ಹೆಂಗಸರು. ಕರೆಂಟಿಲ್ಲದ್ದಕ್ಕೆ ಹಗಲಲ್ಲೇ ಎರಡು ಸಮೆ ದೀಪ ಹಚ್ಚಿದ್ದರು. ಜೋಗುಳ ಹಾಡಿದರು, ಕೂಸಿನ ಬೆನ್ನಿಗೆ ಮೆಲ್ಲಗೆ ಗುದ್ದಿ 'ಗಿರಿಜಾ' ಎಂದು ಹೆಸರು ಕರೆದರು, ಗುಗ್ಗರಿ ಹಂಚಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಆಗ ಗೌರವ್ವ ಒಂದು ಮಣೆ ತಂದು ನಡುವೆ ಹಾಕಿ, "ಬಾರವಾ ಸುಮಿತ್ರಾ, ಇದರ ಮ್ಯಾಲೆ ಕುಂದರ ಬಾ" ಎಂದರು.

ಯಾಕೆ ಎಂದು ಕೇಳುವ ಮೊದಲೇ ನಾಲ್ಕು ಕೈ ನನ್ನನ್ನು ಎಬ್ಬಿಸಿ ಕೂರಿಸಿದವು. ಒಬ್ಬಳು ಹಸಿರು ಬಳೆ ತಂದಳು. ಇನ್ನೊಬ್ಬಳು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತಂದಳು. ಎಲ್ಲ ಮೊದಲೇ ಮಾತಾಡಿಕೊಂಡಿದ್ದರು.

ಗೌರವ್ವ ನನ್ನ ಮುಂದೆ ಕೂತು ಹೇಳಿದರು: "ಅವತ್ತ ನಾ ಬಾಗಲದಾಗ ನಿಂತು ಆಡಬಾರದ್ದು ಆಡಿದೆ. ಆ ದೇವರು ಅದನ್ನ ಕೇಳಿಸಿಕೊಂಡು ನನ್ನ ಬಾಯಿಗೆ ಬಡದಾನ. ಅವತ್ತಽ ನಿನ್ನ ಹೊಟ್ಯಾಗ ಇತ್ತಲ್ಲ ತಂಗಿ! ಎಷ್ಟ ತಿಂಗಳಾತು?"

"ಎಷ್ಟರ ಆಗಲಿ, ಹೊಟ್ಟಿ ಚೂಪ ಐತಿ, ಗಂಡು ಕೂಸಽ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಎಲ್ಲರ ಮುಖ ನನ್ನ ಕಡೆ ಇತ್ತು. ನಾಲ್ಕು ವರ್ಷದಲ್ಲಿ ಆ ಮುಖಗಳನ್ನು ನಾನು ಹಾಗೆ ನೋಡಿರಲಿಲ್ಲ. ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸುಖ. ಬಸಿರಿಯಾದವಳು ಹೇಗೆ ಕೂರಬೇಕೋ ಹಾಗೆ ನಾನು ಕತ್ತು ಬಗ್ಗಿಸಿ ಕೂತಿದ್ದೆ, ಉಡಿಯ ಮೇಲೆ ಕೈಯಿತ್ತು, ಮತ್ತು ಒಂದು ಗಳಿಗೆ, ದೇವರಾಣೆ, ನಾನೂ ನಂಬಿದೆ. ಆ ದಿನ ಆಮೇಲೆ ಆದದ್ದಕ್ಕಿಂತ ಆ ಗಳಿಗೆಯನ್ನು ನೆನೆದೇ ನನಗೆ ಇಂದಿಗೂ ಮೈ ಹಿಡಿಯಾಗುತ್ತದೆ.

ಗೌರವ್ವ ಬೊಗಸೆ ತುಂಬ ಅಕ್ಕಿ ಎತ್ತಿದರು. "ಉಡಿ ಒಡ್ಡು."

ಉಡಿ ಒಡ್ಡಬೇಕಾದರೆ ಸೆರಗು ಬಿಚ್ಚಬೇಕು. ನನ್ನ ಕೈ ಮೇಲೇಳಲಿಲ್ಲ. "ನಾಚಗೊಂತಾಳ, ಕಾನ್ವೆಂಟು!" ಎಂದು ನಕ್ಕು, ಪಕ್ಕದಲ್ಲಿದ್ದವಳು ತಾನೇ ಶಾಲು ಸರಿಸಿ ಸಿಕ್ಕಿಸಿದ್ದ ಅಂಚನ್ನು ಎಳೆದಳು. ಅರಳೆ ಕಂಡಿತು. ಅರಳೆಯ ನಡುವೆ, ಮಾಸಿದ ಕುಂಕುಮದ ಬೊಟ್ಟು ಹೊತ್ತು, ಅವು ಮೂರೂ ಕಂಡವು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಎಳೆದವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಅಯ್ಯ ಶಿವನಽ, ಏನಿದು?"

ನಾನು ಅರಳೆಯನ್ನು ಅವುಗಳ ಮೇಲೆ ಎಳೆದೆ. 

ಹಿಂದಿನಿಂದ ಅತ್ತೆಯ ದನಿ ಬಂತು. "ತತ್ತಿ" ಎಂದರು. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ನನ್ನ ಕಲ್ಲವ್ವನ ತತ್ತಿ. ಆಕಿ ಬಸರಲ್ಲ. ನಿಮಗ ಯಾರ ಹೇಳಿದ್ರು ಬಸರಂತ? ಕರೆಂಟ್ ಇಲ್ಲ, ಅದಕ್ಕ ನಾನಽ ಉಡಿ ಕಟ್ಟಿ ಕೊಟ್ಟೀನಿ. ನಗೂದಿದ್ದರ ನನಗ ನಗರಿ."

ನಕ್ಕರು. ಮೊದಲು ಒಬ್ಬಳ ಮೂಗಿನಿಂದ ಹೊರಟಿತು, ಆಮೇಲೆ ಪಡಸಾಲೆಯೆಲ್ಲ. "ಹಂಗಾರ ತೊಟ್ಟಲಾ ಬ್ಯಾಡ ಬಿಡ್ರಿ, ಕೂಸು ಮನಿ ಹೊತಗೊಂಡಽ ಬರತೈತಿ!" "ಗಂಡ ಅಂದೆಲ್ಲಽ, ನೋಡ ಈಗ ಗಂಡೋ ಹೆಣ್ಣೋ!" ಒಬ್ಬಳು ನಕ್ಕು ನಕ್ಕು ಗುಗ್ಗರಿ ನೆತ್ತಿಗೆ ಹತ್ತಿ ಕೆಮ್ಮಿದಳು. ನಾನು ಎರಡೂ ಕೈಯಿಂದ ಸೆರಗಿನ ಅಂಚು ಹಿಡಿದು, ಬಿಟ್ಟರೆ ಅವು ಉರುಳಿ ಬೀಳುತ್ತವೆ ಎಂದು ಹಾಗೇ ಕೂತಿದ್ದೆ. ನೋಡುವವರಿಗೆ ನಾನು ಉಡಿ ಒಡ್ಡಿಯೇ ಕೂತಂತೆ ಇತ್ತು.

ಗೌರವ್ವ ಮಾತ್ರ ನಗಲಿಲ್ಲ. ಬೊಗಸೆಯಲ್ಲಿ ಅಕ್ಕಿ ಹಾಗೇ ಇತ್ತು. ಬೆರಳ ಸಂದಿಯಿಂದ ಒಂದೊಂದು ಕಾಳು ಉದುರುತ್ತಿತ್ತು. ಅವರ ಮುಖ ಕೆಂಪಾಗಿತ್ತು. ಅವರಿಗೂ ನಾಚಿಕೆಯಾಗಿತ್ತು, ನನ್ನಷ್ಟೇ.

"ಹಾಕ್ರಿ ಹೊಳ್ಳಿ ಮೊರದಾಗ" ಎಂದರು ಯಾರೋ.

"ಉಡಿ ಅಕ್ಕಿ ಎತ್ತಿದ ಮ್ಯಾಲೆ ಹೊಳ್ಳಿ ಹಾಕ್ತಾರೇನ ಯಾರರ?" ಎಂದು ಗೌರವ್ವ ಸಿಡುಕಿದರು. ನನ್ನ ಮುಖ ನೋಡದೆ, "ಸರಿಯಾಗಿ ಹಿಡಿ" ಎಂದು, ಬೊಗಸೆಯನ್ನು ತಗ್ಗಿಸಿ, ಅವು ಒಡೆಯದಂತೆ ಮೆಲ್ಲಗೆ, ಅರಳೆಯ ಅಂಚಿಗೆ ಅಕ್ಕಿ ಸುರಿದರು. ಒಮ್ಮೆ, ಎರಡು ಸಲ, ಮೂರು ಸಲ. ಕೊಬ್ಬರಿ ಬಟ್ಟಲು ಇಟ್ಟರು. ನನ್ನ ಹಣೆಗೆ ಕುಂಕುಮ ಹಚ್ಚಿದರು. ಪಡಸಾಲೆಯ ನಗು ತಾನಾಗಿ ನಿಂತುಹೋಯಿತು. ಅತ್ತೆ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ಕರೆತಂದರು.

ಆ ದಿನ ಅಲ್ಲಿಗೆ ಮುಗಿಯಲಿಲ್ಲ. ಸಂಜೆಯ ಬಸ್ಸಿಗೆ ನಮ್ಮವರು ಬಂದರು. ಯಾವಾಗಲೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಹೋಗುವವರು, ಅಂದು ಚಪ್ಪಲಿ ಮೆಟ್ಟಿಕೊಂಡೇ ನನ್ನ ಬಳಿ ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಳೆ ಹಣ್ಣು.

"ಬಸ್ಸಿನಾಗ ನಮ್ಮೂರ ಮಂದಿ ಅಂದ್ರು..." ಎಂದು ತಡೆದು ನಕ್ಕರು. "ನನಗಽ ಯಾಕ ಹೇಳಲಿಲ್ಲ ನೀನು? ಹೌದೇನು?"

ಉಡಿಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ದಿನಾ ನೋಡುತ್ತಿದ್ದರು. ಆದರೂ ಬಸ್ಸಿನಲ್ಲಿ ಯಾರೋ ಹೇಳಿದಾಗ, ಅದೂ ಇರಲಿ, ಇದೂ ಇರಬಹುದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ನಾನು ಅಲ್ಲ ಎಂದು ತಲೆಯಾಡಿಸಿದೆ. ಅವರು ಹಣ್ಣಿನ ಚೀಲವನ್ನು ಕೆಳಗಿಟ್ಟರು. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಆಮೇಲೆ ನನ್ನ ಎದುರು ಕೂತು ಒಂದು ಹಣ್ಣು ಸುಲಿದು, ಬಿಳಿ ನಾರನ್ನೆಲ್ಲ ಬಿಡಿಸಿ, ಅರ್ಧ ನನ್ನ ಕೈಯಲ್ಲಿಟ್ಟರು. ನಾವು ಆ ಹಣ್ಣು ತಿಂದೆವು. ಪಡಸಾಲೆಯ ತುಂಬ ಹೆಂಗಸರು ನಕ್ಕಾಗ ಬಾರದ ಅಳು ಆಗ ಬಂತು.

ಮುಂದೆ ಕೆಲವು ದಿನ ನಾನು ಕಟ್ಟೆಗೂ ಹೋಗಲಿಲ್ಲ. ಅವನ್ನು ಬಿಚ್ಚಿ ಎಸೆಯಬೇಕೆನಿಸಿತು. ಆದರೆ ಉಡಿಯ ಗಂಟಿಗೆ ಕೈ ಹಾಕಿದಾಗಲೆಲ್ಲ ಅತ್ತೆ ಒಣ ದೋಣಿಯ ಬಳಿ ನಿಂತದ್ದು ಕಾಣುತ್ತಿತ್ತು, ಬಿಚ್ಚಲಾಗುತ್ತಿರಲಿಲ್ಲ.

ಉಡಿಯ ಅಕ್ಕಿಯದೇ ಒಂದು ತೊಡಕಾಯಿತು. ಅದನ್ನು ಚೆಲ್ಲುವಂತಿಲ್ಲ, ಉಡಿ ತುಂಬಿಸಿಕೊಂಡವಳೇ ಉಣ್ಣಬೇಕು. ಆದರೆ ತತ್ತಿಗೆ ತಾಗಿದ ಅಕ್ಕಿ ನಮ್ಮ ಒಲೆಗೆ ಏರುವಂತಿಲ್ಲ. ಅದು ಗೂಟಕ್ಕೆ ನೇತುಹಾಕಿದ ಗಂಟಿನಲ್ಲಿ ಇತ್ತು. ಒಂದು ಮುಂಜಾನೆ ಎದ್ದಾಗ ಬೆಲ್ಲ ಕುದಿಯುವ ವಾಸನೆ ಬಂತು. ಅತ್ತೆ ಅದೇ ಒಲೆಯ ಮೇಲೆ, ಎಡೆಯ ಪಾತ್ರೆಯಲ್ಲಿ, ಆ ಅಕ್ಕಿಯ ಹುಗ್ಗಿ ಮಾಡುತ್ತಿದ್ದರು.

"ಅತ್ತೀ, ಅದು..." ಎಂದೆ.

"ಗೊತ್ತೈತಿ. ಉಣ್ಣು" ಎಂದರು.

ಟೀಸಿ ಬಂದದ್ದು ಅದರ ಮರುವಾರ. ಮಧ್ಯಾಹ್ನ ಗಿರಣಿಯ ಗುಂಯ್ ಎಂಬ ಸದ್ದು ಕೇಳಿ ಊರೇ 'ಹೋ' ಎಂದಿತು. ನಾನು ಅವನ್ನು ಬಲ್ಬಿನ ಕೆಳಗೆ ಇಟ್ಟು ಬಂದೆ. ಬರಿದಾದ ಉಡಿಯಲ್ಲಿ ಓಡಾಡುವುದು ವಿಚಿತ್ರವಾಗಿತ್ತು, ಹೊಟ್ಟೆಗೆ ಚಳಿಯಾಗುತ್ತಿತ್ತು. ಮೂರರಲ್ಲಿ ಎರಡು ಹಾಗೇ ಉಳಿದವು. ಒಂದು, ಸಂಕ್ರಾಂತಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ, ಕುಂಕುಮದ ಬೊಟ್ಟಿನ ಬಳಿಯೇ ಬಿರಿಯಿತು. ಮೊದಲು ಒಂದು ಕಾಲು ಬಂತು, ಉಗುರುಗಳಿದ್ದ ಪೂರ್ಣ ಕಾಲು. ಅಂಗೈಯಲ್ಲಿಟ್ಟರೆ ಮರಿ ಕೋಟಿನ ಗುಂಡಿಗಿಂತ ತುಸು ದೊಡ್ಡದು, ಕರಿ ಬೆನ್ನು, ಅಂಚಿಗೆ ಹಳದಿ. ಅದನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟೆ. ಮುಟ್ಟುವುದಿಲ್ಲ ಎಂದಿದ್ದವರು ಎರಡೂ ಕೈ ಒಡ್ಡಿದರು. ಆಮೇಲೆ ನನ್ನನ್ನು ದೋಣಿಗೆ ನೀರು ತುಂಬಲು ಕಳಿಸಿದರು, "ಬೊಗಸಿಯಷ್ಟಽ ಹಾಕು, ಮುಳಗೀತು" ಎಂದು ಹಿಂದಿನಿಂದ ಕೂಗುತ್ತ.

ಆ ಸಂಜೆ ಮೊಳಕಾಲೆತ್ತರದ ಗೋಡೆಯ ಆಚೆಯಿಂದ ಗೌರವ್ವ ಇಣುಕಿದರು. ಆ ದಿನದ ನಂತರ ನಾವು ಎದುರಾಗಿರಲಿಲ್ಲ.

"ಹುಟ್ಟಿತಂತಲ್ಲ."

"ಹೌದ್ರಿ."

"ನಾ ತುಂಬಿದ ಉಡಿ" ಎಂದರು. ಅಷ್ಟು ಹೇಳಿ ಒಳಗೆ ಹೋದರು.

ನಮಗೆ ಮಕ್ಕಳಾಗಲಿಲ್ಲ. ಅತ್ತೆ ಹೋದ ಮೇಲೆ ನಾವು ಹುಬ್ಬಳ್ಳಿಗೆ ಬಂದೆವು. ಫ್ಲ್ಯಾಟಿನಲ್ಲಿ, ತಾಯಿಯ ಹೆಸರನ್ನೇ ಇಟ್ಟಿದ್ದ ಈ ಎರಡನೆಯ ಕಲ್ಲವ್ವನನ್ನು ಇಡಲು ಜಾಗವೆಲ್ಲಿ? ದೋಣಿ ಸಮೇತ ಅವಳನ್ನು ಗೌರವ್ವನವರ ಹಿತ್ತಲಿಗೆ ಸಾಗಿಸಿದೆವು.

ಹೋದ ವರ್ಷ ಗಿರಿಜಾ ಕೂಗಿ ಕೂಗಿ ಕರೆದ ಮೇಲೆ ನಾನು ಆ ಹೊಸ್ತಿಲು ದಾಟಿದೆ. ಕೂಸಿಗೆ ಟೋಪಿ ಹಾಕಿ ನೋಡಿದೆ, ಸ್ವಲ್ಪ ದೊಡ್ಡದಾಗಿತ್ತು. ಗಿರಿಜಾಳ ಅತ್ತೆಮನೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಕೂಸು ನೋಡಲು ಬಂದಿದ್ದಳು, ಹದಿನೆಂಟು ಇಪ್ಪತ್ತರವಳು. ನನ್ನನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ ಆಮೆ ತೋರಿಸಿದಳು. ದೋಣಿಯಲ್ಲಿ ಕಲ್ಲವ್ವ, ಮೊದಲಿನವಳಷ್ಟೇ ಅಗಲವಾಗಿ, ಬಿಸಿಲಿಗೆ ಕತ್ತು ಚಾಚಿದ್ದಳು. ನಾನು ದೋಣಿಯ ಅಂಚಿಗೆ ಬಳೆ ತಾಗಿಸಿದೆ. ಇತ್ತ ತಿರುಗಿದಳು.

ಒಳಗಿನಿಂದ ಗಿರಿಜಾ ಆ ಹುಡುಗಿಗೆ ಕೂಗಿ ಹೇಳುತ್ತಿದ್ದಳು. ಗಿರಿಜಾ ಸಣ್ಣಂದಿನಿಂದ ತನ್ನ ಆಯಿ ಗೌರವ್ವನ ಬಾಯಲ್ಲಿ ಕೇಳಿದ್ದು ಅದೊಂದೇ, ನಗುವಿನ ಭಾಗ ಆಕೆಗೆ ಯಾರೂ ಹೇಳಿರಲಿಲ್ಲ: "ಏ, ಅವರನ್ನ ನೋಡು, ನಮ್ಮ ಕಲ್ಲವ್ವನ್ನ ಹಡದಾಕಿ ಅವರಽ!"

ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ಆಗಿನ ಓಣಿಯ ಹೆಂಗಸರಂತೆಯೇ ನನ್ನ ಹೊಟ್ಟೆ ನೋಡಿದಳು. ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ, ಅಂಚು ಮಡಿಸಿ ಸಿಕ್ಕಿಸಿ ಅದರ ಮೇಲೆ ಕೈಯಿಟ್ಟೆ.